ಕಿವಿಗಿಂತ ಪೆಟ್ಟಿಗೆ ಹೆಚ್ಚೇ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಅನುಕೂಲಸ್ಥ ಮನೆತನಗಳಲ್ಲಿ ಇತ್ತಿತ್ತಲಾಗಿ ಹೊಸ ಮನೆಯ ಗಿಲಾವು ಮುಗಿಯುವ ಮೊದಲೇ ಪಡಸಾಲೆಯ ಗೋಡೆಯೊಳಗೆ ಸ್ಪೀಕರಿನ ತಂತಿಗಳಿಗಾಗಿ ಕೊಳವೆ ಹುಗಿಸುವ ರೂಢಿ ಬೀಳಹತ್ತಿದೆ. ಗೃಹಪ್ರವೇಶದ ಸಾಮಾನುಗಳ ಪಟ್ಟಿಯಲ್ಲಿ ಹೋಮ್ ಥಿಯೇಟರಿಗೂ ಒಂದು ಸ್ಥಾನ ದೊರೆತಿದೆ. ಯಜಮಾನನು ಹುಬ್ಬಳ್ಳಿಗೆ ಹೋಗುತ್ತಾನೆ. ಅಂಗಡಿಯಲ್ಲಿ ಅರ್ಧ ತಾಸು ಗುಡುಗಿನಂಥ ಸಪ್ಪಳವನ್ನು ಕೇಳುತ್ತಾನೆ. ಚಾನೆಲ್ಲುಗಳೆಷ್ಟು, ವ್ಯಾಟುಗಳೆಷ್ಟು, ಎಷ್ಟು ತಾಸಿನ ಕಾರ್ಯಕ್ರಮ ತುಂಬಿಡಬಹುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದು, ಎಲ್ಲಕ್ಕೂ ದೊಡ್ಡ ಅಂಕಿಯುಳ್ಳ ಪೆಟ್ಟಿಗೆಯನ್ನು ಗಾಡಿಗೆ ಹೇರಿಸುತ್ತಾನೆ. ಆ ಮನೆಯಲ್ಲಿ ಕೇಳುವದೇನು, ಕೇಳುವವರು ಯಾರು ಎಂಬ ನಾಲ್ಕನೆಯ ಪ್ರಶ್ನೆಯನ್ನು ಮಾರುವವನು ಎತ್ತುವದಿಲ್ಲ. ಕೊಳ್ಳುವವನಿಗೂ ಅದು ಹೊಳೆಯುವದಿಲ್ಲ. ನಿಜವಾಗಿ ನೋಡಿದರೆ ಪ್ರಶ್ನೆಯೆಂಬುದು ಆ ನಾಲ್ಕನೆಯದೊಂದೇ. ಉಳಿದ ಮೂರೂ ವ್ಯಾಪಾರದ ಮಾತುಗಳು.

ಇದು ಯಂತ್ರದ್ವೇಷವೆಂದು ಯಾರೂ ಭಾವಿಸತಕ್ಕದ್ದಲ್ಲ. ಹಾನಗಲ್ಲಿನ ಹೆಸರನ್ನು ದೇಶದ ತುಂಬ ಒಯ್ದ ಗಂಗೂಬಾಯಿಯವರ (೧೯೧೩–೨೦೦೯) ಉದಾಹರಣೆಯೊಂದೇ ಸಾಕು. ೧೯೩೦ರ ದಶಕದಲ್ಲಿ ಅವರು ‘ಗಾಂಧಾರಿ’ ಎಂಬ ಹೆಸರಿನಿಂದ ಗ್ರಾಮಾಫೋನ ತಟ್ಟೆಗಳಿಗೆ ಹಾಡಿದರು. ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷವಷ್ಟೇ ಅವಕಾಶ. ಆಗ ಅವರ ಕಂಠವು ತೆಳುವಾಗಿ ಎತ್ತರದಲ್ಲಿತ್ತು. ಮುಂದೆ ಗಂಟಲಿನ ಚಿಕಿತ್ಸೆಯ ತರುವಾಯ ಅದು ಕೆಳಗಿಳಿದು, ಇಂದು ಎಲ್ಲರೂ ಬಲ್ಲ ಆ ಗಂಭೀರ ನಾದವಾಯಿತು. ತಟ್ಟೆ ಇರದಿದ್ದರೆ ಮೊದಲಿನ ಕಂಠವೊಂದು ಇತ್ತೆಂಬುದು ಬರಿಯ ಬಾಯಿಮಾತಾಗಿ ಉಳಿಯುತ್ತಿತ್ತು. ಯಂತ್ರವು ಮಾಡಬಹುದಾದ ಉಪಕಾರ ಇಂಥದು. ಇಂದಿನ ಪಡಸಾಲೆಗಳಲ್ಲಿ ಸಾವಿರಗಟ್ಟಲೆ ರೂಪಾಯಿಯ ಯಂತ್ರವಿದ್ದೂ ಈ ಉಪಕಾರ ಮಾತ್ರ ಆಗುತ್ತಿಲ್ಲವೆಂಬುದೇ ದೂರು.

ಮೊದಲು ವ್ಯಾಟಿನ ಮಾತು. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವ್ಯಾಟು ಕೊಟ್ಟರೆ ಒಂದು ಮೀಟರಿನ ದೂರದಲ್ಲಿ ಸುಮಾರು ೮೭ ಡೆಸಿಬೆಲ್ ನಾದ ಹೊರಡುವದು. ಮೂರು ಮೀಟರು ಹಿಂದೆ ಸರಿದು ಕುಳಿತವನಿಗೂ ಅದು ಇಬ್ಬರು ಮಾತಾಡುವ ದನಿಗಿಂತ ಜೋರಾಗಿಯೇ ಕೇಳುವದು. ವ್ಯಾಟನ್ನು ಇಮ್ಮಡಿ ಮಾಡಿದರೆ ಹೆಚ್ಚುವದು ೩ ಡೆಸಿಬೆಲ್ ಮಾತ್ರ. ಕಿವಿಗೆ ನಾದವು ಇಮ್ಮಡಿಯಾಯಿತೆಂದು ತೋರಬೇಕಾದರೆ ಶಕ್ತಿಯು ಸುಮಾರು ಹತ್ತು ಪಟ್ಟಾಗಬೇಕು. ಹೀಗಿರಲು ೮೦ ವ್ಯಾಟಿನ ರಿಸೀವರಿಗೂ ೧೦೦ ವ್ಯಾಟಿನದಕ್ಕೂ ಇರುವ ಅಂತರವು ಹಣದ ಚೀಲಕ್ಕೆ ತಿಳಿಯುವದೇ ಹೊರತು ಕಿವಿಗೆ ತಿಳಿಯುವದಿಲ್ಲ. ಅದರಲ್ಲಿಯೂ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿ ಯಾವ ಬಗೆಯದೆಂಬುದನ್ನು ವಿಚಾರಿಸುವವರು ವಿರಳ. ಒಂದೇ ಚಾನೆಲ್ಲಿಗೆ, ಒಂದೇ ಸ್ವರವನ್ನು ಕೊಟ್ಟು, ನೂರಕ್ಕೆ ಹತ್ತರಷ್ಟು ವಿಕಾರವನ್ನು ಕ್ಷಮಿಸಿ ಅಳೆದ ನೂರು ವ್ಯಾಟು ಬೇರೆ. ಎರಡು ಚಾನೆಲ್ಲುಗಳೂ ಏಕಕಾಲಕ್ಕೆ ದುಡಿಯುತ್ತಿರುವಾಗ, ೨೦ ಹರ್ಟ್ಸ್‌ದಿಂದ ೨೦,೦೦೦ ಹರ್ಟ್ಸ್‌ದವರೆಗೆ, ೮ ಓಮಿನ ಭಾರಕ್ಕೆ, ನೂರಕ್ಕೆ ಒಂದಂಶವೂ ವಿಕಾರವಿಲ್ಲದೆ ಅಳೆದ ಅರವತ್ತು ವ್ಯಾಟು ಬೇರೆ. ಎರಡನೆಯದೇ ಹೆಚ್ಚಿನದೆಂದು ಹೇಳಬೇಕಾಗಿಲ್ಲ. ಏಳು ಚಾನೆಲ್ಲಿಗೆ ನೂರರಂತೆ ಏಳುನೂರು ವ್ಯಾಟೆಂದು ಮುಂಬದಿಯಲ್ಲಿ ಸಾರುವ ಪೆಟ್ಟಿಗೆಯ ಹಿಂಬದಿಯ ಫಲಕದಲ್ಲಿ ಅದು ಗೋಡೆಯಿಂದ ಎಳೆಯುವ ವಿದ್ಯುತ್ತು ಅದಕ್ಕಿಂತ ಕಡಿಮೆಯೆಂದು ಬರೆದಿದ್ದರೆ, ಮಿಕ್ಕುದು ಎಲ್ಲಿಂದ ಬರುವದೆಂದು ಕೇಳಲು ಎಂಜಿನಿಯರನೇ ಆಗಬೇಕೆಂದಿಲ್ಲ. ಎತ್ತಿನ ಗಾಡಿಗೆ ಹೇರು ಹೇರಿದ ಒಕ್ಕಲಿಗನೂ ಕೇಳಬಲ್ಲನು. ಪಿ.ಎಮ್.ಪಿ.ಓ. ಎಂಬ ಅಕ್ಷರಗಳ ಮುಂದೆ ಸಾವಿರದ ಅಂಕಿ ಬರೆದ ಪೆಟ್ಟಿಗೆಗಳ ಸಂಗತಿಯನ್ನು ಎತ್ತದಿರುವದೇ ಲೇಸು.

ಇನ್ನು ಚಾನೆಲ್ಲು. ೫.೧ ಎಂಬ ಏರ್ಪಾಡು ಹುಟ್ಟಿದ್ದು ಚಿತ್ರಮಂದಿರಕ್ಕಾಗಿ. ಡಾಲ್ಬಿಯವರ ಡಿಜಿಟಲ್ ಪದ್ಧತಿಯು ೧೯೯೨ರಲ್ಲಿ ಅಮೇರಿಕದ ಚಿತ್ರಗಳೊಡನೆ ಬಂದಿತು. ತಲೆಯ ಮೇಲಿಂದಲೂ ನಾದ ಸುರಿಸುವ ಆಟ್ಮೋಸ್ ಪದ್ಧತಿಯು ೨೦೧೨ರಲ್ಲಿ ಮಂದಿರಗಳಿಗೂ ೨೦೧೪ರಲ್ಲಿ ಮನೆಗಳಿಗೂ ಬಂದಿತು. ವಿಮಾನ, ಮಳೆ, ಕುದುರೆಯ ಗೊರಸುಗಳನ್ನು ಸುತ್ತಲೂ ಓಡಿಸುವ ಚಿತ್ರಗಳಿಗೆ ಅದು ಸಾರ್ಥಕವೇ ಹೌದು. ಆದರೆ ಈ ನಾಲ್ಕು ತಾಲೂಕುಗಳ ಮನೆಯಲ್ಲಿ ದಿನಾಲು ಕೇಳಿಬರುವದೇನು? ವಾರ್ತೆ, ಧಾರಾವಾಹಿ, ಭಾವಗೀತೆ, ವಚನ, ದಾಸರ ಪದ, ಹಳೆಯ ಚಿತ್ರಗೀತೆ. ಇವೆಲ್ಲ ಬಹುಮಟ್ಟಿಗೆ ಎರಡೇ ಚಾನೆಲ್ಲಿನ ನಾದ. ಎಷ್ಟೋ ಹಳೆಯವು ಒಂದೇ ಚಾನೆಲ್ಲಿನವು. ಏಳು ಸ್ಪೀಕರಿನ ರಿಸೀವರು ಆ ಎರಡನ್ನೇ ಕಡೆದು ಉಳಿದ ಐದಕ್ಕೆ ಹಂಚುವದು. ಆ ನೀರುಮಜ್ಜಿಗೆಯನ್ನು ಬೆಣ್ಣೆಯೆಂದು ತಿಳಿದು ತೃಪ್ತಿಪಡುವದು ಅವರವರ ರುಚಿ. ಏಳರ ಹಣದಲ್ಲಿ ಎರಡು ಒಳ್ಳೆಯ ಸ್ಪೀಕರು ಬರುತ್ತಿದ್ದವೆಂಬ ಲೆಕ್ಕವನ್ನು ಮಾತ್ರ ಯಾರೂ ಮರೆಯಬಾರದು.

ಇದಕ್ಕಿಂತ ದೊಡ್ಡ ಅನ್ಯಾಯವು ಕಂಠದ ವಿಷಯದಲ್ಲಿ ಆಗುತ್ತಿದೆ. ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ಮಾರುವ ಹೋಮ್ ಥಿಯೇಟರುಗಳಲ್ಲಿ ಸುತ್ತಲಿನ ಸ್ಪೀಕರುಗಳು ಮುಷ್ಟಿಯಷ್ಟು ಚಿಕ್ಕವಿರುತ್ತವೆ; ಅವು ೧೫೦ ಹರ್ಟ್ಸ್‌ದ ಕೆಳಗೆ ಹೆಚ್ಚು ಕಡಿಮೆ ಮೂಕ. ಅದರ ಕೆಳಗಿನದೆಲ್ಲವನ್ನೂ ಮೂಲೆಯಲ್ಲಿಟ್ಟ ಸಬ್‌ವೂಫರಿಗೆ ಒಪ್ಪಿಸುವರು. ಗಂಡಸಿನ ಮಾತಿನ ಮೂಲಸ್ವರವೋ ಸುಮಾರು ೮೫ರಿಂದ ೧೮೦ ಹರ್ಟ್ಸ್‌ದೊಳಗೆ ಇರುವದು. ಅಂದಮೇಲೆ ಹಾಡುವವನ ಕೊರಳು ಒಂದು ಕಡೆ, ಎದೆ ಇನ್ನೊಂದು ಕಡೆ. ತಬಲೆಯ ಡಗ್ಗೆಯ ಮೀಂಡೂ ತಂಬೂರಿಯ ಖರ್ಜದ ತಂತಿಯೂ ಇದೇ ಸಂದಿನಲ್ಲಿ ಬಿದ್ದು ಸೊರಗುತ್ತವೆ. ಗಂಗೂಬಾಯಿಯವರ ಕೊನೆಗಾಲದ ಕಂಠವನ್ನು ಇಂಥ ಯಂತ್ರದ ಮೇಲೆ ಕೇಳಿ, ಅವರು ಇಷ್ಟೇ ಹಾಡುತ್ತಿದ್ದರೆಂದು ಮನೆಯ ಮಕ್ಕಳು ನಂಬಿದರೆ ಅಪರಾಧ ಯಾರದು? ರಿಸೀವರನ್ನು ಆರಿಸುವವನು ಮುಂದಿನ ಎರಡು ಸ್ಪೀಕರುಗಳನ್ನು ಮೊದಲು ಗೊತ್ತುಮಾಡಿ, ಅವು ೮೦ ಹರ್ಟ್ಸ್‌ದವರೆಗೆ ತಾವೇ ಇಳಿಯುವವೋ ಎಂದು ಕೇಳಿ, ಅವುಗಳಿಗೆ ತಕ್ಕ ಪೆಟ್ಟಿಗೆಯನ್ನು ತರುವದು ಯೋಗ್ಯ. ಅಂಗಡಿಗೆ ಹೋಗುವಾಗ ತನಗೆ ಬಾಯಿಪಾಠವಿರುವ ಹಾಡನ್ನೇ ಒಯ್ದು ಕೇಳಬೇಕು. ಅಂಗಡಿಯವನು ಹಚ್ಚುವ ಸ್ಫೋಟದ ದೃಶ್ಯದಿಂದ ಯಾವ ಯಂತ್ರದ ಗುಣವೂ ತಿಳಿಯುವದಿಲ್ಲ, ಏಕೆಂದರೆ ಸ್ಫೋಟವು ನಿಜದಲ್ಲಿ ಹೇಗೆ ಕೇಳುವದೆಂದು ಕೊಳ್ಳುವವನು ಬಲ್ಲವನಲ್ಲ.

ಕೋಣೆಯೂ ಒಂದು ವಾದ್ಯವೇ. ಮಣ್ಣಿನ ಗೋಡೆ, ಮಾಳಿಗೆಯ ಜಂತಿ, ಕಂಬಗಳು, ಹಾಸಿದ ಜಮಖಾನೆ ಇವುಳ್ಳ ಹಳೆಯ ಪಡಸಾಲೆಯಲ್ಲಿ ನಾದವು ತಾನಾಗಿ ಮೆತ್ತಗಾಗುತ್ತಿತ್ತು. ಕಾಂಕ್ರೀಟಿನ ಛಾವಣಿ, ನುಣ್ಣನೆಯ ಟೈಲು, ಗಾಜಿನ ಕಿಟಕಿಗಳ ಹೊಸ ಪಡಸಾಲೆಯಲ್ಲಿ ಚಪ್ಪಾಳೆ ತಟ್ಟಿದರೆ ಅದು ಗೋಡೆಯಿಂದ ಗೋಡೆಗೆ ಹಾರಾಡುವದು. ಮಾತಿನ ವ್ಯಂಜನಗಳು ಒಂದರ ಮೇಲೊಂದು ಬೀಳುವವು. ಆಗ ಮುದುಕರು ಮಾತು ತಿಳಿಯದೆಂದು ದನಿ ಹೆಚ್ಚಿಸೆನ್ನುತ್ತಾರೆ, ಹುಡುಗರು ಕಿವಿ ಮುಚ್ಚಿಕೊಳ್ಳುತ್ತಾರೆ, ಯಜಮಾನನು ಇನ್ನೂ ದೊಡ್ಡ ರಿಸೀವರಿನ ಯೋಚನೆ ಮಾಡುತ್ತಾನೆ. ಎರಡು ಕೌದಿ, ಒಂದು ದಪ್ಪ ಪರದೆ, ಒಂದು ತುಂಬಿದ ಪುಸ್ತಕದ ಕಪಾಟು ಮಾಡುವ ಕೆಲಸವನ್ನು ಇನ್ನೂರು ವ್ಯಾಟು ಮಾಡಲಾರದು. ಚಿತ್ರದಲ್ಲಿ ತುಟಿ ಒಂದು ಕ್ಷಣ, ಮಾತು ಇನ್ನೊಂದು ಕ್ಷಣ ಬರುವ ರೋಗಕ್ಕೂ ಹೊಸ ಯಂತ್ರ ಬೇಕಾಗಿಲ್ಲ; ಟೀವಿಯು ಚಿತ್ರವನ್ನು ತಿದ್ದುವದರಲ್ಲಿ ತಡಮಾಡುವದರಿಂದ ಹೀಗಾಗುವದು, ರಿಸೀವರಿನಲ್ಲಿ ನಾದವನ್ನು ಅಷ್ಟೇ ತಡೆಹಿಡಿಯುವ ಅನುಕೂಲವಿರುವದು. ಅಮೇರಿಕದಲ್ಲಿರುವ ಮಗನೋ ಅಳಿಯನೋ ಪ್ರೀತಿಯಿಂದ ಹೊತ್ತು ತಂದ ರಿಸೀವರಿನ ಮಾತು ಬೇರೆ: ಅದು ೧೨೦ ವೋಲ್ಟಿನದು, ಇಲ್ಲಿಯದು ೨೩೦. ಟ್ರಾನ್ಸ್‌ಫಾರ್ಮರಿಲ್ಲದೆ ಚುಚ್ಚಿದ ದಿನವೇ ಅದರ ಉತ್ತರಕ್ರಿಯೆ.

ಈಗ ಎರಡನೆಯ ಪೆಟ್ಟಿಗೆಗೆ ಬರೋಣವಾಗಲಿ. ಡಿವಿಆರ್ ಎಂದು ಪೇಟೆಯಲ್ಲಿ ಕೇಳಿದರೆ ಅಂಗಡಿಕಾರನು ಕಳ್ಳರನ್ನು ಕಾಯುವ ಕ್ಯಾಮೆರಾದ ಪೆಟ್ಟಿಗೆಯನ್ನೇ ಮುಂದಿಡುವ ಸಂಭವ ಹೆಚ್ಚು. ಇಲ್ಲಿ ಹೇಳುವದು ಅದಲ್ಲ. ಆಕಾಶದಿಂದಲೋ ಕೇಬಲ್ಲಿನಿಂದಲೋ ಬರುವ ಕಾರ್ಯಕ್ರಮವನ್ನು ಹಾರ್ಡ್‌ಡಿಸ್ಕಿನಲ್ಲಿ ತುಂಬಿಟ್ಟು, ಬೇಕೆಂದಾಗ ತೋರಿಸುವ ಸೆಟ್‌ಟಾಪ್ ಪೆಟ್ಟಿಗೆ. ಅಮೇರಿಕದಲ್ಲಿ ೧೯೯೯ರಲ್ಲಿ ಟೀವೋ ಮೊದಲಾದವು ಇದನ್ನು ಮನೆಗೆ ತಂದವು. ಭಾರತದಲ್ಲಿ ೨೦೦೮ರಲ್ಲಿ ಟಾಟಾ ಸ್ಕೈಯವರು ಇಂಥ ಪೆಟ್ಟಿಗೆಯನ್ನು ಮಾರಹತ್ತಿದರು. ೨೦೧೧ರ ಕಾಯಿದೆಯ ತಿದ್ದುಪಡಿಯಿಂದ ಕೇಬಲ್ಲೆಲ್ಲ ಡಿಜಿಟಲ್ ಆಗುತ್ತ, ೨೦೧೭ರ ಹೊತ್ತಿಗೆ ಆ ಸುಧಾರಣೆಯು ಹಳ್ಳಿಗಳ ಸರದಿಯನ್ನೂ ಮುಟ್ಟಿತು. ಹೊತ್ತಿಗೆ ಮನೆಗೆ ಬರಲಾರದ ಶಿಕ್ಷಕಿಗೂ, ಗದ್ದೆಯ ಕೆಲಸ ಮುಗಿಸಿ ಬರುವವನಿಗೂ ಇದರಿಂದ ಅನುಕೂಲವಾಯಿತೆಂಬುದನ್ನು ಅಲ್ಲಗಳೆಯುವದು ಸುಳ್ಳಾದೀತು. ಗಂಟೆಯ ದಾಸ್ಯ ತಪ್ಪಿತು. ಅಷ್ಟಕ್ಕೇ ನಿಂತಿದ್ದರೆ ತಕರಾರಿರಲಿಲ್ಲ.

ಆದರೆ ಸುಶಿಕ್ಷಿತರು ಈ ಪೆಟ್ಟಿಗೆಯನ್ನು ಭಂಡಾರವೆಂದು ಭಾವಿಸಹತ್ತಿದ್ದಾರೆ. ಇದು ಭಂಡಾರವಲ್ಲ, ಬಾಡಿಗೆಯ ಕೋಣೆ. ಅದರ ಕೀಲಿಕೈ ಸಹ ಬಾಡಿಗೆದಾರನ ಕೈಯಲ್ಲಿಲ್ಲ. ತುಂಬಿಟ್ಟ ಕಾರ್ಯಕ್ರಮವು ಗುಪ್ತಲಿಪಿಯಲ್ಲಿರುವದರಿಂದ ಆ ಪೆಟ್ಟಿಗೆಯ ಹೊರತು ಬೇರೊಂದರಲ್ಲಿ ಅದು ತೆರೆಯದು. ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಜೋಡಿಸಿದರೆ ದೊರೆಯುವದು ಅರ್ಥವಿಲ್ಲದ ಅಂಕಿಗಳು. ಪೆಟ್ಟಿಗೆ ಕೆಟ್ಟು ಹೊಸದು ಬಂದರೆ ಹಳೆಯದರಲ್ಲಿದ್ದುದು ಹೋಯಿತು. ವರ್ಗಣಿ ನಿಲ್ಲಿಸಿದರೆ ತುಂಬಿಟ್ಟುದರ ಬಾಗಿಲೂ ಸಾಮಾನ್ಯವಾಗಿ ಮುಚ್ಚುವದು. ಮೊದಲಿನ ವೀಡಿಯೋ ಕ್ಯಾಸೆಟ್ಟನ್ನು ಹಿರೇಕೆರೂರಿನವರು ಸವಣೂರಿನ ಬೀಗರಿಗೆ ಕೊಟ್ಟು ಕಳಿಸಬಹುದಾಗಿತ್ತು. ಮನೆಯಲ್ಲಿ ತುಂಬಿಟ್ಟು ಆಮೇಲೆ ನೋಡುವದು ಅಪರಾಧವಲ್ಲವೆಂದು ೧೯೮೪ರಲ್ಲಿ ಅಮೇರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು ಆ ಕ್ಯಾಸೆಟ್ಟಿನ ಕಾಲದಲ್ಲಿಯೇ. ನ್ಯಾಯಾಲಯವು ಒಪ್ಪಿದುದನ್ನು ಯಂತ್ರ ಮಾಡುವವರು ಬೀಗದಿಂದ ಹಿಂದಕ್ಕೆ ಪಡೆದರು, ಸುಧಾರಣೆಯೆಂಬ ಹೆಸರಿನಿಂದ.

ದಿನದಿನದ ಬಾಳುವೆಯಲ್ಲಿಯೂ ಇದರ ನಂಬಿಗೆ ಅಷ್ಟಕ್ಕಷ್ಟೇ. ಹಾನಗಲ್ಲಿನ ಆಷಾಢದ ಮಳೆ ಹಿಡಿದಾಗ ಛತ್ರಿಯಂಥ ತಟ್ಟೆಗೆ ಬರುವ ತರಂಗವು ನೀರಿನಲ್ಲಿ ಕರಗಿಹೋಗುವದು. ಹತ್ತು ಸಾವಿರ ಮೆಗಾಹರ್ಟ್ಸ್‌ದ ಮೇಲಿನ ತರಂಗಗಳ ಸ್ವಭಾವವೇ ಅಂಥದು. ಪೆಟ್ಟಿಗೆಯು ಮಾತ್ರ ಸಾಮಿನಿಷ್ಠ ಆಳಿನಂತೆ ಕಪ್ಪು ಪರದೆಯನ್ನೇ ಒಂದು ತಾಸು ತುಂಬಿಡುವದು. ಕರೆಂಟು ಹೋದರೆ ಅದೂ ಇಲ್ಲ. ಸದಾ ಎಚ್ಚತ್ತಿರಬೇಕಾದ ಇಂಥ ಯಂತ್ರವು ಇಪ್ಪತ್ತು ವ್ಯಾಟು ಎಳೆದರೂ ವರ್ಷಕ್ಕೆ ೧೭೫ ಯೂನಿಟ್ಟು ಆಗುವದು. ಯಾರೂ ನೋಡದ ರಾತ್ರಿಗಳೂ ಅದರಲ್ಲಿ ಸೇರಿವೆ.

ಇನ್ನೊಂದು ಲೆಕ್ಕ. ಸೆಕೆಂಡಿಗೆ ೮ ಮೆಗಾಬಿಟ್ಟಿನಂತೆ ಬರುವ ಸ್ಪಷ್ಟ ಚಿತ್ರಕ್ಕೆ ತಾಸಿಗೆ ೩.೬ ಗಿಗಾಬೈಟು ಬೇಕು. ೫೦೦ ಗಿಗಾಬೈಟಿನ ಪೆಟ್ಟಿಗೆಯಲ್ಲಿ ಸುಮಾರು ೧೩೮ ತಾಸು ಹಿಡಿಯುವದು. ದಿನಕ್ಕೊಂದು ತಾಸಿನಂತೆ ನೋಡಿದರೆ ನಾಲ್ಕೂವರೆ ತಿಂಗಳ ಸಾಮಗ್ರಿ. ಅಷ್ಟರೊಳಗೆ ಹೊಸದು ಅದರ ಮೇಲೆ ಬಂದು ಬೀಳುತ್ತಲೇ ಇರುವದು. ಕಣಜ ತುಂಬಿದ ತೃಪ್ತಿಯೇ ಊಟದ ತೃಪ್ತಿಯೆಂದು ಮನಸ್ಸು ಮೋಸಹೋಗುವದು. ತಾಯಿಯು ಚಂದನ ವಾಹಿನಿಯ ಹಾಡೊಂದನ್ನು ಕೇಳುತ್ತ ಕುಳಿತಿದ್ದರೆ, “ಇರಲಿ ಬಿಡವ್ವಾ, ತುಂಬಿಟ್ಟೇನಿ, ಆಮ್ಯಾಲೆ ಕೇಳಿದರಾತು” ಎಂದು ಮಗನು ಕ್ರಿಕೆಟ್ಟಿಗೆ ತಿರುಗಿಸುತ್ತಾನೆ. ಆ ‘ಆಮ್ಯಾಲೆ’ ಬರುವದು ಅಪರೂಪ. ತುಂಬುವ ಯಂತ್ರ ಬಂದಂದಿನಿಂದ ಕೇಳುವ ಹೊತ್ತು ಕಡಿಮೆಯಾಗಿದೆಯೆಂಬುದನ್ನು ಯಾವ ಮನೆಯವರಾದರೂ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ನೋಡಬಹುದು.

ಇದೇ ಹಾನಗಲ್ಲ ಸೀಮೆಯು ಪಂಚಾಕ್ಷರ ಗವಾಯಿಗಳನ್ನೂ (೧೮೯೨–೧೯೪೪) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳನ್ನೂ (೧೯೧೪–೨೦೧೦) ಕೊಟ್ಟಿತು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ, ಪುಟ್ಟರಾಜರಿಗೂ ಇರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕುರುಡ ಮಕ್ಕಳು ಗುರುವಿನ ಬಾಯಿಂದ ಬಂದ ಸ್ವರವನ್ನು ಹಿಡಿದು, ಹಿಂದಿರುಗಿ ಹಾಡಿ, ತಪ್ಪಿದರೆ ಮತ್ತೆ ಕೇಳಿ ಕಲಿತರು. ಅಲ್ಲಿ ಕೇಳುವದೆಂದರೆ ಆ ಕ್ಷಣದಲ್ಲಿಯೇ ಕೇಳುವದು. ಅಂಥ ಸೀಮೆಯ ಮನೆಗಳಲ್ಲಿ ಕಿವಿಯ ಕೆಲಸವನ್ನು ಡಿಸ್ಕಿಗೆ ವಹಿಸಿ ನಿಶ್ಚಿಂತರಾಗಿರುವದು ವಿಚಿತ್ರವಲ್ಲವೇ?

ಅದಿರಲಿ. ಈ ಪೆಟ್ಟಿಗೆಯ ಮುಖ್ಯ ದೋಷವು ಬೇರೆಯೇ ಇದೆ: ಇದು ಹೊರಗಿನಿಂದ ಬಂದುದನ್ನಷ್ಟೇ ತುಂಬುವದು, ಮನೆಯೊಳಗಿನದನ್ನು ತುಂಬಲಾರದು. ಮುಂಬಯಿ ಬೆಂಗಳೂರುಗಳಲ್ಲಿ ತಯಾರಾಗಿ, ಅಲ್ಲಿಯೇ ಭದ್ರವಾಗಿ ಇಟ್ಟುಕೊಂಡ ಧಾರಾವಾಹಿಯ ಇನ್ನೊಂದು ಪ್ರತಿಗೆ ಶಿಗ್ಗಾಂವಿಯ ಪಡಸಾಲೆಯಲ್ಲಿ ಸ್ಥಳ. ಅದೇ ಪಡಸಾಲೆಯಲ್ಲಿ ಕುಳಿತ ಅಜ್ಜಿಯ ಬೀಸುವ ಕಲ್ಲಿನ ಪದಕ್ಕೆ ಎಲ್ಲಿಯೂ ಪ್ರತಿಯಿಲ್ಲ. ಮೊಹರಮ್ಮಿನ ಕಾಲಕ್ಕೆ ಕನ್ನಡದಲ್ಲಿ ರಿವಾಯತ ಹಾಡುವವರು, ಅಮಾವಾಸ್ಯೆಯ ಭಜನೆಗೆ ಏಕತಾರಿ ಹಿಡಿದು ತತ್ವಪದ ಹೇಳುವವರು, ಸೋಬಾನೆಯ ಸಾಲುಗಳನ್ನು ಮರೆಯದ ಹೆಂಗಸರು, ಇವರೆಲ್ಲ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫರು (೧೮೧೯–೧೮೮೯) ತಮ್ಮ ಪದಗಳ ಪುಸ್ತಕವನ್ನು ಅಚ್ಚು ಹಾಕಿಸಿ ಹೋದವರಲ್ಲ. ಹಾಡಿದವರ ಬಾಯಲ್ಲಿ ಅವು ಉಳಿದುದರಿಂದಲೇ ಮುಂದೆ ಸಂಗ್ರಾಹಕರಿಗೆ ಸಿಕ್ಕವು. ೧೯೯೦ರಲ್ಲಿ ನಾಗಾಭರಣರ ಚಿತ್ರಕ್ಕೂ ಅಶ್ವತ್ಥರ ಸಂಗೀತಕ್ಕೂ ಆಧಾರವಾದವು. ಇಂದು ಮನೆಮನೆಯ ರಿಸೀವರಿನಲ್ಲಿ ಕೇಳಿಬರುವ ಶರೀಫರು ಹೆಚ್ಚಾಗಿ ಆ ಧಾಟಿಯವರು. ಧಾಟಿ ಚೆಲುವಾಗಿದೆ, ಅದರಲ್ಲಿ ವಾದವಿಲ್ಲ. ಆದರೆ ಶಿಶುವಿನಹಾಳದ ಸುತ್ತಿನ ಹಳ್ಳಿಗಳ ಭಜನಾಮೇಳಗಳಲ್ಲಿ ಬೇರೆ ಧಾಟಿಗಳಿವೆ, ಬೇರೆ ಲಯಗಳಿವೆ. ಅವನ್ನು ಯಾವ ವಾಹಿನಿಯೂ ನಿತ್ಯ ಬಿತ್ತರಿಸುವದಿಲ್ಲ, ಆದುದರಿಂದ ಯಾವ ಡಿವಿಆರೂ ತುಂಬುವದಿಲ್ಲ. ಹಿರೇಕೆರೂರು ಸೀಮೆಯ ಅಬಲೂರು ಮಾಸೂರುಗಳೊಡನೆ ಪರಂಪರೆಯು ಜೋಡಿಸುವ ಸರ್ವಜ್ಞನ ತ್ರಿಪದಿಗಳ ಕಥೆಯೂ ಇದೇ. ಹಸ್ತಪ್ರತಿಗಳಲ್ಲಿಯೂ ಜನರ ನಾಲಗೆಯಲ್ಲಿಯೂ ಚದುರಿದ್ದ ಅವನ್ನು ಉತ್ತಂಗಿ ಚನ್ನಪ್ಪನವರು ಪರಿಶ್ರಮದಿಂದ ಕೂಡಿಸಿ ೧೯೨೪ರಲ್ಲಿ ಅಚ್ಚು ಹಾಕಿಸಿದರು. ಅವರ ಕೈಯಲ್ಲಿದ್ದುದು ಕಾಗದ ಲೆಕ್ಕಣಿಕೆ. ಮಾತು ದೊರೆಯಿತು, ಹೇಳಿದವರ ದನಿ ದೊರೆಯಲಿಲ್ಲ. ಇಂದಿನವರ ಕೈಯಲ್ಲಿ ದನಿಯನ್ನು ಹಿಡಿಯುವ ಸಾಧನವಿದೆ.

ಇದು ವಿಶ್ವವಿದ್ಯಾಲಯದ ಕೆಲಸವಲ್ಲವೇ, ಗೊಟಗೋಡಿಯಲ್ಲಿ ೨೦೧೧ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆಯಲ್ಲ, ಎಂದು ಕೇಳುವವರುಂಟು. ವಿಶ್ವವಿದ್ಯಾಲಯವು ಮೇಳಗಳ ಬಳಿಗೆ ಹೋಗಬಹುದು, ಹೆಸರಾದ ಕಲಾವಿದರ ಬಳಿಗೆ ಹೋಗಬಹುದು; ಪ್ರತಿಯೊಂದು ಮನೆಯ ಅಡಿಗೆಯ ಕೋಣೆಗೆ ಹೋಗಲಾರದು. ಮೊಮ್ಮಗುವಿನ ತೊಟ್ಟಿಲು ತೂಗುವಾಗ ತನ್ನಷ್ಟಕ್ಕೆ ಹಾಡುವ ಮುದುಕಿಯು ಅಧಿಕಾರಿಯ ಎದುರಿಗೆ ಬಾಯಿ ಬಿಡುವದೂ ಇಲ್ಲ. ಆ ಹಾಡನ್ನು ಹಿಡಿಯಬಲ್ಲವರು ಮನೆಯ ಸೊಸೆಮೊಮ್ಮಕ್ಕಳು ಮಾತ್ರ. ಕೈಯಲ್ಲಿ ಮೊಬಾಯಿಲು ಇದೆಯಲ್ಲ ಎಂಬುದು ಇನ್ನೊಂದು ಸಮಾಧಾನ. ಇದೆ, ನಿಜ, ಮದುವೆಯ ಮನೆಯ ಗದ್ದಲದಲ್ಲಿ ಅರ್ಧ ನಿಮಿಷ ಹಿಡಿದ ತುಣುಕುಗಳೂ ಅದರಲ್ಲಿವೆ. ಅವು ಯಾರ ಹಾಡು, ಯಾವ ಊರಿನದೆಂಬ ಗುರುತಿಲ್ಲದೆ, ಮೊಬಾಯಿಲು ಬದಲಾದ ದಿನ ಅಳಿದುಹೋಗುತ್ತವೆ.

ಹಣವನ್ನು ಯಾವ ಅನುಕ್ರಮದಿಂದ ವೆಚ್ಚ ಮಾಡಬೇಕೆಂಬುದು ಇದರಿಂದ ತಾನಾಗಿ ಗೊತ್ತಾಗುವದು. ಮೊದಲು ಕಂಠವನ್ನು ಕಂಠವಾಗಿ ಕೇಳಿಸುವ ಎರಡು ಸ್ಪೀಕರು. ತರುವಾಯ ಅವನ್ನು ಸಲೀಸಾಗಿ ನಡೆಸುವ, ಟೀವಿಯಿಂದ ಒಂದೇ ಎಚ್‌ಡಿಎಮ್‌ಐ ತಂತಿಯಲ್ಲಿ ನಾದವನ್ನು ಪಡೆಯುವ ಸಾಧಾರಣ ರಿಸೀವರು. ಹಿಂದಿನ ಸ್ಪೀಕರು, ಛಾವಣಿಯ ಸ್ಪೀಕರುಗಳಿಗೆ ಅವಸರವಿಲ್ಲ. ಡಿವಿಆರಿಗಾಗಿ ಮೀಸಲಿಟ್ಟ ಹಣದಲ್ಲಿ ಕೈಯಲ್ಲಿ ಹಿಡಿಯುವ ಧ್ವನಿಮುದ್ರಕವೊಂದನ್ನು ತರಬಹುದು. ಅದರಲ್ಲಿ ೧೬ ಬಿಟ್ಟಿನ, ೪೪.೧ ಕಿಲೊಹರ್ಟ್ಸ್‌ದ ಎರಡು ಚಾನೆಲ್ಲಿನ ನಾದಕ್ಕೆ ತಾಸಿಗೆ ಸುಮಾರು ೬೩೫ ಮೆಗಾಬೈಟು ಸಾಕು. ಧಾರಾವಾಹಿಯ ೧೩೮ ತಾಸು ಹಿಡಿಯುವ ಡಿಸ್ಕಿನಲ್ಲಿ ಹಾಡಿನ ೭೮೦ ತಾಸು ಹಿಡಿಯುವದು, ಮತ್ತು ಅದಕ್ಕೆ ಯಾರ ಬೀಗವೂ ಇರುವದಿಲ್ಲ. ಪಂಖಾ ನಿಲ್ಲಿಸಿ, ಯಂತ್ರವನ್ನು ಹಾಡುವವರಿಂದ ಒಂದು ಮೊಳದಷ್ಟು ದೂರ ಕೌದಿಯ ಮಡಿಕೆಯ ಮೇಲಿಟ್ಟು, ಹಾಡುವವರ ಹೆಸರು, ತವರೂರು, ಅವರು ಯಾರಿಂದ ಕಲಿತರೆಂಬುದನ್ನು ಅವರ ಬಾಯಿಂದಲೇ ಮೊದಲು ಹೇಳಿಸಬೇಕು. ಹಾಡಲು ಅವರ ಒಪ್ಪಿಗೆಯಿರಬೇಕೆಂಬುದು ಹೇಳದೆಯೂ ತಿಳಿಯುವ ಮಾತು. ಒಂದು ಪ್ರತಿ ಹಾನಗಲ್ಲಿನ ಮನೆಯಲ್ಲಿದ್ದರೆ ಇನ್ನೊಂದು ಹಿರೇಕೆರೂರಿಗೆ ಕೊಟ್ಟ ಮಗಳ ಮನೆಯಲ್ಲಿರಲಿ. ಡಿಸ್ಕುಗಳು ಐದಾರು ವರ್ಷಕ್ಕೆ ಕೆಡುವ ಪದಾರ್ಥಗಳಾದುದರಿಂದ ಅಷ್ಟರೊಳಗೆ ಹೊಸದಕ್ಕೆ ಇಳಿಸಿಕೊಳ್ಳುವದು ಅಗತ್ಯ.